ಲಿಫ್ಟ್ ಮಾಡಿಸಿದ ಜೀಪಿನ ಸ್ಟೇರಿಂಗ್ ನಡುಗ್ತಿದೆಯಾ? ಡ್ಯಾಂಪರ್‌ಗೆ ದುಡ್ಡು ಹಾಕೋ ಮುಂಚೆ ಇದನ್ನ ಓದಿ

ಜೀಪು ಎತ್ತರಿಸಿ, ದಪ್ಪ ಟೈರ್ ಹಾಕಿಸಿದ ಮೊದಲ ವಾರ ಎಲ್ಲಾ ಚೆನ್ನಾಗೇ ಇರುತ್ತೆ. ಆಮೇಲೊಂದು ದಿನ ಕೊಟ್ಟಿಗೆಹಾರದಿಂದ ಮೂಡಿಗೆರೆ ಕಡೆ ಬರುವಾಗ, 60ರ ಸ್ಪೀಡಲ್ಲಿ ಸಣ್ಣದೊಂದು ಗುಂಡಿ ಸಿಗುತ್ತೆ. ಸ್ಟೇರಿಂಗ್ ಕೈಯಿಂದ ಕಿತ್ಕೊಂಡು ಹೋಗೋ ಹಾಗೆ ಎಡಕ್ಕೆ ಬಲಕ್ಕೆ ಹೊಡೆದುಕೊಳ್ಳುತ್ತೆ, ಬಾನೆಟ್ ಕುಣಿಯುತ್ತೆ, ಹಿಂದೆ ಕೂತವರು ಕೂಗ್ತಾರೆ. ಗಾಡಿ ನಿಲ್ಲಿಸಿದ ಮೇಲೆ ನೋಡಿದರೆ ಏನೂ ಮುರಿದಿಲ್ಲ, ಏನೂ ಕಳಚಿಲ್ಲ.

ನಮ್ಮ ಜಿಲ್ಲೆಯಲ್ಲಿ ಜೀಪು ಶೋಕಿಗೆ ಮಾತ್ರ ಇರೋದಲ್ಲ. ತೋಟಕ್ಕೆ ಗೊಬ್ಬರ, ಕೂಲಿಯವರು, ಕಾಫಿ ಮೂಟೆ ಎಲ್ಲಾ ಅದರಲ್ಲೇ. ರಜೆ ದಿನ ರಾಣಿಝರಿ, ಕೆಮ್ಮಣ್ಣುಗುಂಡಿ ಕಡೆ ಪ್ರವಾಸಿಗರನ್ನ ಹತ್ತಿಸಿಕೊಂಡು ಹೋಗೋದೂ ಅದೇ. ಚಾರ್ಮಾಡಿ ತಿರುವಿನಲ್ಲಿ ಸ್ಟೇರಿಂಗ್ ಹೀಗೆ ಕೈ ಕೊಟ್ಟರೆ ಪಕ್ಕದಲ್ಲಿ ಇರೋದು ಪ್ರಪಾತ. ಹಾಗಾಗಿ ಈ ನಡುಕ ಯಾಕೆ ಬರುತ್ತೆ, ಯಾವ ಕ್ರಮದಲ್ಲಿ ಹುಡುಕಬೇಕು, ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ ಅನ್ನೋದನ್ನ ಇಲ್ಲಿ ಕೊಟ್ಟಿದ್ದೇವೆ.

ಮೊದಲು ಗೊತ್ತು ಮಾಡ್ಕೊಳ್ಳಿ: ಯಾವ ತರದ ನಡುಕ?

"ಸ್ಟೇರಿಂಗ್ ಶೇಕ್ ಆಗುತ್ತೆ" ಅಂತಷ್ಟೇ ಹೇಳಿದರೆ ಮೆಕ್ಯಾನಿಕ್‌ಗೂ ಗೊತ್ತಾಗಲ್ಲ. ಇದರಲ್ಲಿ ನಾಲ್ಕು ಬಗೆ ಇದೆ.

1. ಒಂದು ಸ್ಪೀಡ್ ದಾಟಿದ ಮೇಲೆ ಸಣ್ಣಗೆ ಶುರುವಾಗಿ, ಸ್ಪೀಡ್ ಇಳಿಸಿದರೆ ನಿಲ್ಲೋ ನಡುಕ. ಹೆಚ್ಚಾಗಿ ಟೈರ್, ರಿಮ್ ಅಥವಾ ಬ್ಯಾಲೆನ್ಸಿಂಗ್ ಸಮಸ್ಯೆ.

2. ಗುಂಡಿ ಅಥವಾ ರಸ್ತೆ ಜಾಯಿಂಟ್ ತಾಗಿದ ಕೂಡಲೇ ಜೋರಾಗಿ ಶುರುವಾಗಿ, ಗಾಡಿ ಪೂರ್ತಿ ನಿಧಾನ ಆಗೋವರೆಗೂ ನಿಲ್ಲದ ಹೊಡೆತ. ಆಫ್‌ರೋಡ್ ಹುಡುಗರು ಡೆತ್ ವಾಬಲ್ ಅನ್ನೋದು ಇದಕ್ಕೇ. ಸಾಮಾನ್ಯವಾಗಿ 50ರಿಂದ 80ರ ನಡುವೆ ಬರುತ್ತೆ. ಎಲ್ಲೋ ಆಟ ಬಂದಿದೆ ಅಥವಾ ಕ್ಯಾಸ್ಟರ್ ಕೋನ ಕೆಟ್ಟಿದೆ ಅಂತ ಅರ್ಥ.

3. ನಡುಕ ಇಲ್ಲ, ಆದರೆ ಗಾಡಿ ನೇರ ಹೋಗಲ್ಲ, ತೇಲುತ್ತೆ, ಸದಾ ತಿದ್ದುತ್ತಾ ಇರಬೇಕು. ಕ್ಯಾಸ್ಟರ್ ಕಡಿಮೆ ಆಗಿರಬಹುದು, ಟೋ ಕೆಟ್ಟಿರಬಹುದು, ಇಲ್ಲವೇ ಸ್ಟೇರಿಂಗ್ ಬಾಕ್ಸ್ ಟೈಟ್ ಆಗಿರಬಹುದು.

4. ಹಂಪ್ ಹತ್ತಿ ಇಳಿದಾಗ ಸ್ಟೇರಿಂಗ್ ತಾನೇ ಒಂದು ಕಡೆ ಎಳೆಯುತ್ತೆ. ಲಿಫ್ಟ್ ಆದಮೇಲೆ ಡ್ರ್ಯಾಗ್ ಲಿಂಕ್ ಜಾಸ್ತಿ ಓರೆಯಾಗಿದೆ ಅಂತ ಅರ್ಥ.

ಗ್ಯಾರೇಜಿಗೆ ಹೋದಾಗ ಎಷ್ಟು ಸ್ಪೀಡಲ್ಲಿ, ಗುಂಡಿ ತಾಗಿದ ಮೇಲಾ ಸುಮ್ಮನೇನಾ, ಬ್ರೇಕ್ ಹಿಡಿದಾಗ ಮಾತ್ರಾನಾ ಅನ್ನೋದನ್ನ ಸರಿಯಾಗಿ ಹೇಳಿ. ಬ್ರೇಕ್ ಹಿಡಿದಾಗ ಮಾತ್ರ ನಡುಗಿದರೆ ಮೊದಲು ಡಿಸ್ಕ್ ಅಥವಾ ಡ್ರಮ್ ನೋಡಿಸಿ.

ನಿಮ್ಮ ಗಾಡಿ ಮುಂದೆ ಎಂಥದ್ದು?

ಎರಡನೇ ಬಗೆಯ ಹೊಡೆತ ಮುಖ್ಯವಾಗಿ ಮುಂದೆ ಗಟ್ಟಿ ಆಕ್ಸಲ್ ಇರೋ ಗಾಡಿಗಳ ಕಾಯಿಲೆ. ಎಂಎಂ 540, ಮೇಜರ್, ಕಮಾಂಡರ್‌ನಂಥ ಹಳೆ ಫೋರ್ ವೀಲ್ ಜೀಪುಗಳು ಮತ್ತು ಜಿಪ್ಸಿಯಲ್ಲಿ ಆಕ್ಸಲ್ ಪ್ಲೇಟಿನ ಮೇಲೆ, ಅಂದರೆ ಲೀಫ್ ಸ್ಪ್ರಿಂಗ್ ಮೇಲೆ ನಿಂತಿರುತ್ತೆ. ಜಿಮ್ನಿಯಲ್ಲೂ ಗಟ್ಟಿ ಆಕ್ಸಲ್ಲೇ, ಆದರೆ ಕಾಯಿಲ್ ಸ್ಪ್ರಿಂಗ್. ಎರಡೂ ಚಕ್ರ ಒಂದೇ ಆಕ್ಸಲ್‌ಗೆ, ಒಂದೇ ಟೈ ರಾಡ್‌ಗೆ ಕಟ್ಟಿಕೊಂಡಿರೋದರಿಂದ ಒಂದು ಚಕ್ರದ ಹೊಡೆತ ಇನ್ನೊಂದಕ್ಕೆ ಹೋಗಿ ವಾಪಸ್ ಬರುತ್ತೆ. ಉಯ್ಯಾಲೆಯನ್ನ ಸರಿಯಾದ ಸಮಯಕ್ಕೆ ತಳ್ಳಿದರೆ ಹೇಗೆ ಜೋರಾಗುತ್ತಾ ಹೋಗುತ್ತೋ ಹಾಗೇ ಇದೂ.

2020ರಲ್ಲಿ ಬಂದ ಹೊಸ ಥಾರ್‌ನಲ್ಲಿ ಮುಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್ ಇದೆ. ಅದಕ್ಕಿಂತ ಹಿಂದಿನ ಸಿಆರ್‌ಡಿಇ ಥಾರ್‌ನಲ್ಲೂ ಮುಂದೆ ಟಾರ್ಷನ್ ಬಾರ್ ಇರೋ ಪ್ರತ್ಯೇಕ ಸಸ್ಪೆನ್ಷನ್ನೇ. ಇವುಗಳಲ್ಲಿ ನಡುಕ ಬಂದರೆ ಟೈರ್, ಬಾಲ್ ಜಾಯಿಂಟ್, ಆರ್ಮ್ ಬುಷ್, ಟೈ ರಾಡ್ ಎಂಡ್, ಆಕ್ಸಲ್ ಶಾಫ್ಟಿನ ಓರೆ ಇವನ್ನ ನೋಡಬೇಕು. ಟಾರ್ಷನ್ ಬಾರ್ ನಟ್ಟು ಬಿಗಿ ಮಾಡಿ ಎತ್ತರಿಸೋದು ಸುಲಭ, ಆದರೆ ಚಕ್ರ ಕೆಳಗೆ ಇಳಿಯೋ ಜಾಗ ಕಡಿಮೆ ಆಗುತ್ತೆ, ಬಾಲ್ ಜಾಯಿಂಟ್ ಮತ್ತು ಶಾಫ್ಟ್ ಬೇಗ ಸವೆಯುತ್ತೆ.

ಎತ್ತರಿಸಿದಾಗ ಕೆಡೋದು ಏನು?

ಸೈಕಲ್ ಮುಂದಿನ ಫೋರ್ಕ್ ನೋಡಿ. ಮೇಲ್ಭಾಗ ಸವಾರನ ಕಡೆ ವಾಲಿರುತ್ತೆ. ಅದಕ್ಕೇ ಕೈ ಬಿಟ್ಟರೂ ಸೈಕಲ್ ನೇರ ಹೋಗೋಕೆ ನೋಡುತ್ತೆ. ಜೀಪಿನಲ್ಲೂ ಕಿಂಗ್ ಪಿನ್ನಿನ ಮೇಲ್ತುದಿ ಸ್ವಲ್ಪ ಹಿಂದಕ್ಕೆ ವಾಲಿರಬೇಕು. ಇದೇ ಕ್ಯಾಸ್ಟರ್. ವಿಲ್ಲಿಸ್ ಜೀಪಿನ ಮೂಲ ಲೆಕ್ಕದಲ್ಲಿ ಇದು 3 ಡಿಗ್ರಿ.

ಈಗ ಲೆಕ್ಕ ನೋಡಿ. ವಿಲ್ಲಿಸ್ ವಿನ್ಯಾಸದಲ್ಲಿ ಮುಂದಿನ ಪ್ಲೇಟು ಸುಮಾರು 3 ಅಡಿ ಉದ್ದ, ಶ್ಯಾಕಲ್ ಇರೋದು ಅದರ ಮುಂದಿನ ತುದಿಯಲ್ಲಿ. ಅಲ್ಲಿ 2 ಇಂಚು ಉದ್ದದ ಶ್ಯಾಕಲ್ ಹಾಕಿದರೆ ಪ್ಲೇಟಿನ ಮೂತಿ 2 ಇಂಚು ಕೆಳಗೆ ಬಾಗುತ್ತೆ. ಆಕ್ಸಲ್ ನಡುವೆ ಇರೋದರಿಂದ ಸಿಗೋ ಎತ್ತರ ಸುಮಾರು 1 ಇಂಚು ಮಾತ್ರ. ಆದರೆ 3 ಅಡಿಗೆ 2 ಇಂಚು ಅಂದರೆ 3 ಡಿಗ್ರಿ ವಾಲಿದ ಹಾಗಾಯಿತು. ಅಂದರೆ ಒಂದಿಂಚು ಎತ್ತರಕ್ಕೆ ಕಂಪನಿ ಕೊಟ್ಟ ಕ್ಯಾಸ್ಟರ್ ಪೂರ್ತಿ ಹೋಯಿತು! ಅಗ್ಗ ಅಂತ ಉದ್ದ ಶ್ಯಾಕಲ್ ಹಾಕಿಸಿದವರ ಗಾಡಿಯೇ ಜಾಸ್ತಿ ತೇಲೋದು ಇದಕ್ಕೆ. ಪ್ಲೇಟು ಸೆಟ್ಟನ್ನೇ ಬದಲಿಸಿ, ಬಾಗು ಜಾಸ್ತಿ ಇರೋ ಪ್ಲೇಟು ಹಾಕಿದರೆ ಈ ತೊಂದರೆ ಕಡಿಮೆ.

ಇನ್ನು ಟೈರು. ಜಿಪ್ಸಿಗೆ ಕಂಪನಿಯ 205/70 ಆರ್ 15 ಟೈರ್ ಎತ್ತರ ಸುಮಾರು 668 ಮಿ.ಮೀ. ಅದರ ಜಾಗಕ್ಕೆ 235/75 ಆರ್ 15 ಹಾಕಿದರೆ ಸುಮಾರು 733 ಮಿ.ಮೀ. ಆಗುತ್ತೆ. ಮೀಟರಿನಲ್ಲಿ 60 ತೋರಿಸುವಾಗ ಗಾಡಿ ನಿಜಕ್ಕೂ 66ರಲ್ಲಿ ಓಡ್ತಿರುತ್ತೆ. ಟೈರ್ ತೂಕವೂ ಜಾಸ್ತಿ. ಜೊತೆಗೆ ಚಕ್ರ ಹೊರಗೆ ಕಾಣಲಿ ಅಂತ ಸ್ಪೇಸರ್ ಹಾಕಿಸಿದರೆ, ಉದ್ದ ಹಿಡಿಯ ಸ್ಪ್ಯಾನರ್ ಹಿಡಿದ ಹಾಗೆ ಪ್ರತಿ ಗುಂಡಿಯ ಹೊಡೆತ ಕಿಂಗ್ ಪಿನ್ನಿಗೂ ಟೈ ರಾಡಿಗೂ ಜಾಸ್ತಿ ಬೀಳುತ್ತೆ.

ಹುಡುಕೋ ಕ್ರಮ: ಖರ್ಚಿಲ್ಲದ್ದು ಮೊದಲು

ಹಂತ 1: ಕೆಸರು ಮತ್ತು ಗಾಳಿ. ನಗಬೇಡಿ. ತೋಟದ ಕೆಂಪು ಮಣ್ಣು ರಿಮ್ಮಿನ ಒಳಗಡೆ ಮೆತ್ತಿಕೊಂಡು ಒಣಗಿದರೆ ಅಷ್ಟೇ ಸಾಕು ಚಕ್ರದ ಬ್ಯಾಲೆನ್ಸ್ ಹೋಗೋಕೆ. ಮಳೆಗಾಲದಲ್ಲಿ "ನಿನ್ನೆ ಸರಿ ಇತ್ತು, ಇವತ್ತು ನಡುಗ್ತಿದೆ" ಅನ್ನೋ ಎಷ್ಟೋ ಕೇಸು ವಾಟರ್ ಸರ್ವಿಸ್‌ನಲ್ಲೇ ಮುಗಿಯುತ್ತೆ. ಒಳಗಡೆಯಿಂದ ತೊಳೆಸಿ. ಗಾಳಿ ಎರಡೂ ಕಡೆ ಒಂದೇ ಇರಲಿ. ದೊಡ್ಡ ಟೈರಿಗೆ ವಿಪರೀತ ಗಾಳಿ ಹಾಕಿದರೂ ನಡುಕ ಜಾಸ್ತಿ ಆಗುತ್ತೆ.

ಹಂತ 2: ಟೈರ್ ಮತ್ತು ರಿಮ್. ಮುಂದೆ ಜಾಕ್ ಏರಿಸಿ, ಚಕ್ರದ ಹತ್ತಿರ ಒಂದು ಕಡ್ಡಿ ನಿಲ್ಲಿಸಿ, ಚಕ್ರ ತಿರುಗಿಸಿ. ಕಡ್ಡಿಗೂ ರಿಮ್ಮಿಗೂ ನಡುವಿನ ಸಂದು ಹೆಚ್ಚು ಕಡಿಮೆ ಆಗ್ತಿದ್ದರೆ ರಿಮ್ ಬೆಂಡ್. ಟೈರ್ ಒಂದು ಕಡೆ ಉಬ್ಬಿದ್ದರೆ ಅದನ್ನ ಬಿಸಾಡಿ. ಆಮೇಲೆ ಬ್ಯಾಲೆನ್ಸಿಂಗ್ ಮಾಡಿಸಿ, ಕೆಲವು ನೂರು ರೂಪಾಯಿ ಖರ್ಚು. ಇನ್ನೊಂದು ಸುಲಭ ಪರೀಕ್ಷೆ ಇದೆ: ಮುಂದಿನ ಚಕ್ರ ಹಿಂದೆ, ಹಿಂದಿನದು ಮುಂದೆ ಹಾಕಿ ಓಡಿಸಿ. ನಡುಕ ಸ್ಟೇರಿಂಗ್ ಬಿಟ್ಟು ಸೀಟಿಗೆ ಬಂದರೆ ಕಳ್ಳ ಟೈರೇ.

ಹಂತ 3: ನಟ್ಟು ಬೋಲ್ಟು. ಲಿಫ್ಟ್ ಮಾಡಿಸಿದ ಮೇಲೆ ಯು ಬೋಲ್ಟ್ ಮತ್ತೆ ಟೈಟ್ ಮಾಡಿಸಿದ್ದೀರಾ? ಹೊಸ ಪ್ಲೇಟು ಸೆಟ್ಟಾಗುತ್ತಾ ಹೋದ ಹಾಗೆ ಬೋಲ್ಟು ಸಡಿಲ ಆಗುತ್ತೆ. ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಕೂಡಲೇ ಒಮ್ಮೆ ಬಿಗಿ ಮಾಡಿಸಲೇಬೇಕು. ಹಳೆ ಯು ಬೋಲ್ಟನ್ನ ಬಿಚ್ಚಿ ವಾಪಸ್ ಹಾಕಿಸಬೇಡಿ, ಹೊಸದು ತರಿಸಿ. ಶ್ಯಾಕಲ್ ಬುಷ್, ಪ್ಲೇಟಿನ ಕಣ್ಣಿನ ಬುಷ್, ಸೆಂಟರ್ ಬೋಲ್ಟ್ ಎಲ್ಲಾ ನೋಡಿಸಿ.

ಹಂತ 4: ಸ್ಟೇರಿಂಗ್ ಜೋಡಣೆ. ಇದಕ್ಕೆ ಇಬ್ಬರು ಬೇಕು. ಗಾಡಿ ನೆಲದ ಮೇಲೇ ಇರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ. ಒಬ್ಬರು ಸ್ಟೇರಿಂಗನ್ನ ಎಡಕ್ಕೆ ಬಲಕ್ಕೆ ಸಣ್ಣಗೆ ಆಡಿಸಲಿ. ಇನ್ನೊಬ್ಬರು ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್, ಪಿಟ್‌ಮನ್ ಆರ್ಮ್ ಒಂದೊಂದರ ಮೇಲೂ ಕೈ ಇಟ್ಟು ನೋಡಲಿ. ಒಂದು ಭಾಗ ಅಲುಗಿ ಪಕ್ಕದ್ದು ಅಲುಗೋದು ತಡವಾದರೆ ಆಟ ಇರೋದು ಅಲ್ಲೇ. ಸ್ಟೇರಿಂಗ್ ಬಾಕ್ಸ್ ಕೂತಿರೋ ಚಾಸಿಯ ಜಾಗವನ್ನ ಟಾರ್ಚ್ ಹಾಕಿ ನೋಡಿ. ಹಳೆ ಜೀಪುಗಳಲ್ಲಿ ಅಲ್ಲಿ ಕ್ರ್ಯಾಕ್ ಬಂದಿರೋದುಂಟು. ಬಾಕ್ಸ್ ಅಲುಗಿದರೆ ಮಿಕ್ಕಿದ್ದೆಲ್ಲಾ ಹೊಸದು ಹಾಕಿದರೂ ಪ್ರಯೋಜನ ಇಲ್ಲ.

ಇಲ್ಲೊಂದು ತಪ್ಪು ತುಂಬಾ ಜನ ಮಾಡ್ತಾರೆ. ಆಟ ಇದೆ ಅಂತ ಸ್ಟೇರಿಂಗ್ ಬಾಕ್ಸಿನ ಅಡ್ಜಸ್ಟಿಂಗ್ ಸ್ಕ್ರೂ ಬಿಗಿ ಮಾಡೋದು. ಜಾಸ್ತಿ ಬಿಗಿಯಾದರೆ ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರಲ್ಲ, ಗಾಡಿ ಇನ್ನೂ ತೇಲುತ್ತೆ.

ಹಂತ 5: ಕಿಂಗ್ ಪಿನ್ ಮತ್ತು ವೀಲ್ ಬೇರಿಂಗ್. ಜಿಪ್ಸಿ ಮತ್ತು ಹಳೆ ಜೀಪುಗಳಲ್ಲಿ ಡೆತ್ ವಾಬಲ್‌ಗೆ ಅತಿ ಸಾಮಾನ್ಯ ಕಾರಣ ಸಡಿಲವಾದ ಕಿಂಗ್ ಪಿನ್ ಬೇರಿಂಗ್. ಚಕ್ರ ಜಾಕ್ ಮೇಲಿರುವಾಗ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರವನ್ನ ಮೇಲೆ ಒಂದು ಕೈ ಕೆಳಗೆ ಒಂದು ಕೈ ಹಿಡಿದು ಅಲುಗಿಸಿ. ಆಟ ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ, ಮತ್ತೆ ಅಲುಗಿಸಿ. ಬ್ರೇಕ್ ಒತ್ತಿದಾಗ ಆಟ ಮಾಯವಾದರೆ ವೀಲ್ ಬೇರಿಂಗ್. ಒತ್ತಿದರೂ ಹಾಗೇ ಇದ್ದರೆ ಕಿಂಗ್ ಪಿನ್.

ಕಿಂಗ್ ಪಿನ್ ಬೇರಿಂಗ್ ಸವೆದಿದ್ದರೆ, ಗುಳಿ ಬಿದ್ದಿದ್ದರೆ ಬದಲಿಸಬೇಕು. ಚೆನ್ನಾಗಿದ್ದರೆ ಕ್ಯಾಪ್ ಕೆಳಗಿನ ತೆಳು ಶಿಮ್ ತೆಗೆದು ಬಿಗಿ ಹೊಂದಿಸಬಹುದು. ಬಿಗಿ ಎಷ್ಟು ಅನ್ನೋದನ್ನ ಕೈ ಅಂದಾಜಲ್ಲಿ ಬಿಡಬೇಡಿ. ಟೈ ರಾಡ್ ಮತ್ತು ಆಯಿಲ್ ಸೀಲ್ ಬಿಚ್ಚಿ, ಸ್ಪ್ರಿಂಗ್ ತಕ್ಕಡಿ ಕೊಕ್ಕೆ ಹಾಕಿ ಎಳೆದು, ಎಷ್ಟು ಕಿಲೋಗೆ ನಕಲ್ ಅಲುಗುತ್ತೆ ಅಂತ ನೋಡಿ ಸರ್ವಿಸ್ ಪುಸ್ತಕದ ಲೆಕ್ಕಕ್ಕೆ ತರೋದು ಸರಿಯಾದ ವಿಧಾನ. ತರಕಾರಿ ಅಂಗಡಿಯ ತೂಗು ತಕ್ಕಡಿ ಇದಕ್ಕೂ ಆಗುತ್ತೆ.

ಹಂತ 6: ಟೋ. ಅಲೈನ್‌ಮೆಂಟ್ ಮಷಿನ್ ಇರೋ ಊರು ದೂರ ಇದ್ದರೆ ಟೇಪಿನಲ್ಲೇ ನೋಡಬಹುದು. ಸಮನಾದ ನೆಲದಲ್ಲಿ ನಿಲ್ಲಿಸಿ, ಎರಡೂ ಮುಂದಿನ ಟೈರಿನ ಹಿಂಭಾಗದಲ್ಲಿ, ಹಬ್ಬಿನ ಎತ್ತರಕ್ಕೆ, ಮಧ್ಯದಲ್ಲಿ ಸೀಮೆಸುಣ್ಣದ ಗುರುತು ಹಾಕಿ ಅಳೆಯಿರಿ. ಗಾಡಿ ತಳ್ಳಿ ಅದೇ ಗುರುತು ಮುಂದಕ್ಕೆ ಬಂದಾಗ ಮತ್ತೆ ಅಳೆಯಿರಿ. ಮುಂದಿನ ಅಳತೆ ಸ್ವಲ್ಪ ಕಡಿಮೆ ಇರಬೇಕು. ವಿಲ್ಲಿಸ್ ಲೆಕ್ಕ ಸುಮಾರು 1ರಿಂದ 2.5 ಮಿ.ಮೀ. ಮುಂದಿನ ಅಳತೆಯೇ ಜಾಸ್ತಿ ಇದ್ದರೆ ಗಾಡಿ ಅಲೆದಾಡುತ್ತೆ, ಟೈರೂ ಬೇಗ ಸವೆಯುತ್ತೆ.

ಹಂತ 7: ಕ್ಯಾಸ್ಟರ್. ಆಟ ಎಲ್ಲಾ ತೆಗೆದ ಮೇಲೂ ಗಾಡಿ ತೇಲಿದರೆ ಇಲ್ಲಿಗೆ ಬನ್ನಿ. ಖಾಲಿ ಮೈದಾನದಲ್ಲಿ ನಿಧಾನಕ್ಕೆ ತಿರುಗಿಸಿ, ಸ್ಟೇರಿಂಗ್ ಹಿಡಿತ ಸಡಿಲ ಮಾಡಿ. ತಾನಾಗಿ ನೇರಕ್ಕೆ ಬರೋಕೆ ನೋಡದಿದ್ದರೆ ಕ್ಯಾಸ್ಟರ್ ಸಾಲದು, ಇಲ್ಲವೇ ಎಲ್ಲೋ ಟೈಟ್ ಹಿಡಿದಿದೆ. ಡ್ರ್ಯಾಗ್ ಲಿಂಕ್ ಕಳಚಿ ಚಕ್ರವನ್ನ ಕೈಯಲ್ಲಿ ತಿರುಗಿಸಿದರೆ ಯಾವುದು ಅಂತ ಗೊತ್ತಾಗುತ್ತೆ. ಖಚಿತ ಡಿಗ್ರಿ ಬೇಕಂದರೆ ಕಂಪ್ಯೂಟರ್ ಅಲೈನ್‌ಮೆಂಟ್ ಮಾಡಿಸಿ, ಪ್ರಿಂಟ್ ಕೇಳಿ ತೆಗೆದುಕೊಳ್ಳಿ.

ಕ್ಯಾಸ್ಟರ್ ಸರಿ ಮಾಡೋದು ಹೇಗೆ?

ಪ್ಲೇಟಿನ ಗಾಡಿಗೆ ಓರೆ ಶಿಮ್ ಹಾಕ್ತಾರೆ. ಪ್ಲೇಟಿಗೂ ಆಕ್ಸಲಿಗೂ ನಡುವೆ ಕೂರೋ ಬೆಣೆ ಇದು. ಪ್ಲೇಟು ಆಕ್ಸಲಿನ ಕೆಳಗಿದ್ದರೆ ಶಿಮ್ಮಿನ ದಪ್ಪ ಕಡೆ ಮುಂದಕ್ಕೆ ಬರಬೇಕು. ಪ್ಲೇಟು ಆಕ್ಸಲಿನ ಮೇಲಿದ್ದರೆ ದಪ್ಪ ಕಡೆ ಹಿಂದಕ್ಕೆ. ಉಲ್ಟಾ ಹಾಕಿದರೆ ಕಾಯಿಲೆ ದುಪ್ಪಟ್ಟು. ಶಿಮ್ ಕಬ್ಬಿಣದ್ದಾಗಿರಲಿ. ಅಲ್ಯೂಮಿನಿಯಂದು ಹೊಡೆತಕ್ಕೆ ಒಡೆದು ಜಾರಬಹುದು. ಶಿಮ್ ಸೇರಿದ ಮೇಲೆ ಸೆಂಟರ್ ಬೋಲ್ಟಿನ ತಲೆ ತೂತಿನಲ್ಲಿ ಪೂರ್ತಿ ಕೂರುತ್ತಾ ಅಂತ ನೋಡಿ, ಇಲ್ಲದಿದ್ದರೆ ಉದ್ದ ಬೋಲ್ಟ್ ಹಾಕಿಸಿ.

ಶಿಮ್ಮಿಗೂ ಒಂದು ಮಿತಿ ಇದೆ. ಕಿಂಗ್ ಪಿನ್ ಹಿಂದಕ್ಕೆ ವಾಲಿಸಿದಷ್ಟೂ ಮುಂದಿನ ಡಿಫರೆನ್ಷಿಯಲ್ ಮೂತಿ ನೆಲ ನೋಡುತ್ತೆ, ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಓರೆ ಜಾಸ್ತಿ ಆಗಿ ಜಾಯಿಂಟ್ ಕ್ರಾಸ್ ಬೇಗ ಹೋಗುತ್ತೆ. 2ರಿಂದ 4 ಡಿಗ್ರಿ ಒಳಗೆ ಮುಗಿಸೋದು ಒಳ್ಳೆಯದು. ಅದಕ್ಕೂ ಜಾಸ್ತಿ ಬೇಕು ಅಂತಾದರೆ ಲಿಫ್ಟೇ ಜಾಸ್ತಿ ಆಗಿದೆ ಅಂತ ಅರ್ಥ, ಉದ್ದ ಶ್ಯಾಕಲ್ ತೆಗೆಸಿ.

ಜಿಮ್ನಿಯಲ್ಲಿ ಪ್ಲೇಟು ಇಲ್ಲ. ಆಕ್ಸಲನ್ನ ಹಿಡಿದಿರೋದು ಎರಡು ಉದ್ದ ಆರ್ಮ್ ಮತ್ತು ಅಡ್ಡಕ್ಕೆ ಒಂದು ಪ್ಯಾನ್ಹಾರ್ಡ್ ರಾಡ್. ಎತ್ತರಿಸಿದಾಗ ಆರ್ಮ್ ಕೆಳಕ್ಕೆ ಬಾಗಿ ಕ್ಯಾಸ್ಟರ್ ಕಡಿಮೆ ಆಗುತ್ತೆ. ಅದಕ್ಕೆ ಕ್ಯಾಸ್ಟರ್ ತಿದ್ದೋ ಬುಷ್ ಅಥವಾ ಬೇರೆ ಆರ್ಮ್ ಸಿಗುತ್ತೆ. ಪ್ಯಾನ್ಹಾರ್ಡ್ ರಾಡಿನಿಂದ ಆಕ್ಸಲ್ ಪಕ್ಕಕ್ಕೆ ಸರಿಯೋದರಿಂದ ಉದ್ದ ಹೊಂದಿಸೋ ರಾಡ್ ಬೇಕಾಗಬಹುದು. ಪ್ಯಾನ್ಹಾರ್ಡ್ ರಾಡ್ ಮತ್ತು ಡ್ರ್ಯಾಗ್ ಲಿಂಕ್ ಎದುರಿನಿಂದ ನೋಡಿದಾಗ ಒಂದೇ ಓರೆಯಲ್ಲಿರಬೇಕು. ಒಂದನ್ನ ಮಾತ್ರ ಬದಲಿಸಿದರೆ ಹಂಪಿನಲ್ಲಿ ಸ್ಟೇರಿಂಗ್ ಎಳೆಯುತ್ತೆ. ರಬ್ಬರ್ ಬುಷ್ ಬೋಲ್ಟುಗಳನ್ನ ಗಾಡಿ ಜಾಕಿನಿಂದ ಇಳಿದು ಭಾರ ಚಕ್ರದ ಮೇಲೆ ಬಿದ್ದ ಮೇಲೆ ಕೊನೆಯದಾಗಿ ಬಿಗಿ ಮಾಡಬೇಕು. ಇಲ್ಲದಿದ್ದರೆ ಬುಷ್ ತಿರುಚಿಕೊಂಡು ಬೇಗ ಹರಿಯುತ್ತೆ.

"ಡ್ಯಾಂಪರ್ ಹಾಕ್ಬಿಡಿ ಅಣ್ಣ, ಸರಿ ಹೋಗುತ್ತೆ"

ಈ ಮಾತು ಕೇಳದ ಜೀಪಿನವರಿಲ್ಲ. ಸ್ಟೇರಿಂಗ್ ಡ್ಯಾಂಪರ್ ಅಂದರೆ ಅಡ್ಡಕ್ಕೆ ಹಾಕೋ ಒಂದು ಶಾಕ್ ಅಬ್ಸಾರ್ಬರ್. ಒಳ್ಳೆಯ ವಸ್ತುವೇ, ಜಿಮ್ನಿಗೆ ಕಂಪನಿಯೇ ಹಾಕಿ ಕೊಡುತ್ತೆ. ಆದರೆ ಕಿಂಗ್ ಪಿನ್ ಸಡಿಲ ಇರೋ ಗಾಡಿಗೆ ಡ್ಯಾಂಪರ್ ಹಾಕೋದು ಜ್ವರಕ್ಕೆ ಮಾತ್ರೆ ನುಂಗಿ ಗಾಯವನ್ನ ಹಾಗೇ ಬಿಟ್ಟ ಹಾಗೆ. ಕೆಲವು ತಿಂಗಳು ನಡುಕ ಮುಚ್ಚಿಹೋಗುತ್ತೆ. ಅಷ್ಟರಲ್ಲಿ ಒಳಗೆ ಬೇರಿಂಗ್, ಟೈ ರಾಡ್ ಎಂಡ್ ಸವೆಯುತ್ತಲೇ ಇರುತ್ತೆ. ಆಮೇಲೆ ಡ್ಯಾಂಪರ್ ಸೋತ ದಿನ ನಡುಕ ಮೊದಲಿಗಿಂತ ಜೋರಾಗಿ ಬರುತ್ತೆ. ಮೇಲಿನ ಏಳು ಹಂತ ಮುಗಿಸಿ, ಡ್ಯಾಂಪರ್ ಇಲ್ಲದೇ ಗಾಡಿ ನೇರ ಓಡಿದ ಮೇಲೆ ಬೇಕಾದರೆ ಹಾಕಿಸಿ.

ರಸ್ತೆಯಲ್ಲೇ ಶುರುವಾದರೆ?

ಗಾಬರಿಯಾಗಿ ಬ್ರೇಕ್ ತುಳಿಯಬೇಡಿ, ಭಾರ ಮುಂದೆ ಬಿದ್ದು ಹೊಡೆತ ಜಾಸ್ತಿ ಆಗಬಹುದು. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿಯಿರಿ, ಹೆಬ್ಬೆರಳು ಸ್ಟೇರಿಂಗ್ ಒಳಗೆ ಸಿಗಿಸಬೇಡಿ. ಆಕ್ಸಿಲರೇಟರ್ ಬಿಡಿ, ಮೆಲ್ಲಗೆ ಬ್ರೇಕ್ ಕೊಡುತ್ತಾ ಎಡಕ್ಕೆ ತನ್ನಿ. ನಿಂತ ಮೇಲೆ ಟೈ ರಾಡ್ ನಟ್ಟು, ಯು ಬೋಲ್ಟು ನೋಡಿ. ಅಲ್ಲಿಂದ ಗ್ಯಾರೇಜಿನವರೆಗೂ 30 ದಾಟಬೇಡಿ. ಪ್ಯಾಸೆಂಜರ್ ಇದ್ದರೆ ಇಳಿಸಿ ಬೇರೆ ಗಾಡಿಗೆ ಹತ್ತಿಸಿ. ಒಂದು ಟ್ರಿಪ್ಪಿನ ಬಾಡಿಗೆ ಹೋದರೆ ಹೋಗಲಿ.

ಕಾನೂನು ಏನು ಹೇಳುತ್ತೆ?

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರೋ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಿಸೋ ಹಾಗಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ ಸೆಕ್ಷನ್ 182ಎ ಪ್ರಕಾರ, ಕಾಯ್ದೆ ಒಪ್ಪದ ಬದಲಾವಣೆ ಮಾಡಿಸಿದ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಹಳದಿ ಬೋರ್ಡ್ ಗಾಡಿಯವರು ಎಫ್‌ಸಿ ದಿನವೂ ಸಿಕ್ಕಿಬೀಳಬಹುದು. ಅಪಘಾತ ಆದರೆ ಇನ್ಶೂರೆನ್ಸ್‌ನವರು ಮೊದಲು ಕೇಳೋ ಪ್ರಶ್ನೆಯೂ ಇದೇ. ಕೆಲಸಕ್ಕೆ ಕೈ ಹಾಕೋ ಮುಂಚೆ ಆರ್‌ಟಿಒ ಕಚೇರಿಯಲ್ಲೂ ಇನ್ಶೂರೆನ್ಸ್ ಏಜೆಂಟ್ ಹತ್ತಿರವೂ ಕೇಳಿಕೊಳ್ಳಿ.

ಗ್ಯಾರೇಜಿಗೆ ಒಯ್ಯಲು ಚೀಟಿ

- ರಿಮ್ ಒಳಗಿನ ಕೆಸರು, ಗಾಳಿ, ಬ್ಯಾಲೆನ್ಸಿಂಗ್
- ಯು ಬೋಲ್ಟ್, ಶ್ಯಾಕಲ್, ಬುಷ್
- ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್, ಬಾಕ್ಸ್ ಬೋಲ್ಟ್, ಚಾಸಿ ಕ್ರ್ಯಾಕ್
- ವೀಲ್ ಬೇರಿಂಗ್, ಕಿಂಗ್ ಪಿನ್ (ಬ್ರೇಕ್ ಒತ್ತಿ ಪರೀಕ್ಷೆ)
- ಟೋ, ಆಮೇಲೆ ಕ್ಯಾಸ್ಟರ್
- ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಬ್ರೇಕ್ ಹೋಸ್ ಎಳೆಯುತ್ತಾ, ಟೈರ್ ಎಲ್ಲಾದರೂ ಉಜ್ಜುತ್ತಾ
- ಡ್ಯಾಂಪರ್ ಕೊನೆಗೆ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿಸಿ, ಓಡಿಸಿ ನೋಡಿ, ಆಮೇಲೆ ಮುಂದಿನದು. ಎಲ್ಲಾ ಒಟ್ಟಿಗೆ ಬಿಚ್ಚಿದರೆ ಯಾವುದರಿಂದ ಸರಿ ಹೋಯಿತು ಅಂತ ಗೊತ್ತಾಗಲ್ಲ, ಬಿಲ್ಲು ಮಾತ್ರ ಉದ್ದ ಆಗುತ್ತೆ. ಬದಲಿಸಿದ ಹಳೆ ಸಾಮಾನನ್ನ ಕೇಳಿ ತೆಗೆದುಕೊಂಡು, ಎಷ್ಟು ಸವೆದಿದೆ ಅಂತ ನೀವೇ ಕೈಯಲ್ಲಿ ಹಿಡಿದು ನೋಡಿ.